ಸೆವ್ಜಿದಕ್ಕ ಬಾಯಿಬಿಟ್ಟು ಆಡಿದ ಮಾತು

ಖಾರ್ ಚುಲೂತ್ ಕಣಿವೆಯಲ್ಲಿ ತೋಳವನ್ನು ತೋಳವೆಂದು ಯಾರೂ ಕರೆಯುವುದಿಲ್ಲ. ಆಕಾಶದ ನಾಯಿ ಎನ್ನುತ್ತಾರೆ. ಹೆಸರು ಹಿಡಿದು ಕೂಗಿದ ಮೇಲೆ ಕೂಗಿಸಿಕೊಂಡವನು ಬಾರದಿರುವನೆ ಎಂಬುದು ಅಲ್ಲಿನ ಹಿರಿಯರ ತರ್ಕ. ಜ್ವರದಲ್ಲಿ ಬೇಯುತ್ತಿರುವವನನ್ನು ಕೊಂಚ ದಣಿದಿದ್ದಾನೆ ಎನ್ನುವರು. ಉಸಿರು ನಿಂತವನನ್ನು ಬುದ್ಧನಾದನು ಎನ್ನುವರು. ಮಂಗೋಲಿಯದ ಪಡುವಣ ಬೆಟ್ಟಗಾಡಿನ ಬದುಕು ಬಿಡಿಸಿದ ಉಣ್ಣೆಯಷ್ಟು ಹಗುರ, ಗಾಳಿ ಎತ್ತ ಬೀಸಿದರೆ ಅತ್ತ ಹಾರುವಂಥದು. ಅದನ್ನು ನಾಲಗೆಯಿಂದ ಊದಬಾರದೆಂಬ ಎಚ್ಚರವು ತಾಯಿಯ ಮೊಲೆಹಾಲಿನೊಡನೆಯೇ ಮಕ್ಕಳ ಹೊಟ್ಟೆಗೆ ಇಳಿಯುವುದು.

ಸೆವ್ಜಿದ್ ಈ ಎಚ್ಚರದೊಳಗೆ ಹುಟ್ಟಿ, ಈ ಎಚ್ಚರದೊಳಗೇ ಗೊಂಬೊವಿನ ಕೈಹಿಡಿದು, ತಲೆ ಅರ್ಧ ನರೆಯುವವರೆಗೆ ಬಾಳಿದವಳು. ಕಣಿವೆಯಲ್ಲಿ ಇದ್ದದ್ದು ಒಂಬತ್ತು ಮನೆಗಳು. ಅವರ ಕೂಟಕ್ಕೆ ಹೆಸರಿರಲಿಲ್ಲ, ಮೊಹರಿರಲಿಲ್ಲ. ಉಣ್ಣೆ ಕತ್ತರಿಸುವ ಕಾಲಕ್ಕೆ ಒಂದಾಗುವರು. ಹುಲ್ಲು ಕೊಯ್ದು ಒಂದೇ ಮೆದೆ ಒಟ್ಟುವರು. ಚಳಿಗಾಲ ಕೈಮೀರಿತೆಂದರೆ ಎಲ್ಲರ ಕುದುರೆಗಳನ್ನೂ ಒಂದೇ ಹಿಂಡು ಮಾಡಿ ಮುಂದೆ ಅಟ್ಟಿ, ಅವುಗಳ ಗೊರಸು ಒಡೆದ ಹಿಮದ ದಾರಿಯಲ್ಲಿ ಕುರಿಗಳನ್ನು ನಡೆಸಿಕೊಂಡು ಕಣಿವೆಯಾಚೆಯ ಸಲ್ಖಿತ್ ಕಂದರಕ್ಕೆ ಹೋಗುವರು. ಆ ಕಂದರದಲ್ಲಿ ಗಾಳಿಯೇ ಹಿಮವನ್ನು ಗುಡಿಸಿ ಹುಲ್ಲನ್ನು ತೆರೆದಿಟ್ಟಿರುತ್ತಿತ್ತು. ಆದರೆ ಒಂದೆರಡು ಮನೆಯ ಕುದುರೆಗಳಿಗೆ ಆ ದಾರಿ ಮಣಿಯದು, ಒಂಬತ್ತು ಮನೆಯವೂ ಬೇಕು. ಒಂಬತ್ತು ಕೂಡಿದ್ದರೆ ಕಣಿವೆ, ಬಿಡಿಯಾದರೆ ಬರಿಯ ಬಯಲು: ಇದನ್ನು ಸೆವ್ಜಿದ್ ಯಾರಿಂದಲೂ ಕೇಳಿ ಕಲಿತಿರಲಿಲ್ಲ.

ಕೂಡಿಸುವ ಕೆಲಸ ಹೇಗೋ ಅವಳ ಪಾಲಿಗೆ ಬಂದಿತ್ತು. ಹುಲ್ಲು ಹಣ್ಣಾಗುವ ಹೊತ್ತಿಗೆ ಅವಳ ಗುಡಾರದಲ್ಲಿ ಉಪ್ಪುಚಹದ ದೊಡ್ಡ ಕಡಾಯಿ ಕುದಿಯುವುದು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂರುವರು. ಬರಲಿರುವ ಚಳಿಯ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

"ಇಲಿಗಳು ಈ ಸಲ ಭಾರಿ ಸಾಹುಕಾರರಾಗ್ಬಿಟ್ಟಿವೆ ಕಣಪ್ಪ," ಎನ್ನುವಳು ಸೆವ್ಜಿದ್, ಚಹವನ್ನು ಸೌಟಿನಿಂದ ಎತ್ತಿ ಸುರಿಯುತ್ತ. "ಬಿಲದ ಬಾಗಿಲಲ್ಲೇ ಮೆದೆ ಹಾಕ್ಕೊಂಡು ಕೂತಿವೆ."

"ಹಾಗಾದ್ರೆ ಅವುಗಳ ಜೊತೆಗೇ ಬೀಗತನ ಮಾಡೋಣ ಬಿಡು," ಎನ್ನುವನು ಮುದುಕ ನಾದ್ಮಿದ್. "ನಮ್ಮ ಬೀಗರಂತೂ ಒಂದು ಹೊರೆ ಹುಲ್ಲು ಕೊಟ್ಟೋರಲ್ಲ."

ಎಲ್ಲರೂ ನಗುವರು. ಮಾತು ಅಷ್ಟಕ್ಕೇ ಮುಗಿಯುವುದು. ಮರುಬೆಳಿಗ್ಗೆ ಒಂಬತ್ತು ಮನೆಗಳಲ್ಲೂ ಹುಲ್ಲುಗತ್ತಿ ಮಸೆಯುವ ಸದ್ದು ಕೇಳುವುದು. ಮೆದೆ ಹಿಂದಿನ ವರ್ಷದ್ದಕ್ಕಿಂತ ಎತ್ತರವಾಗುವುದು. ಹೀಗೆ ಕೇಡನ್ನು ಹೆಸರಿಸದೆಯೇ ಕೇಡಿಗೆ ಸಿದ್ಧರಾಗುವ ಒಂದು ವಿದ್ಯೆ ಅವರಲ್ಲಿತ್ತು.

ಅಲ್ಲಿನ ಪಂಚಾಂಗದ ಎತ್ತಿನ ವರ್ಷದ ಬೇಸಗೆಯಲ್ಲಿ ಹೊರದೇಶದ ಸಂಸ್ಥೆಯೊಂದರ ಜೀಪು ಕಣಿವೆಗೆ ಬಂದಿತು. ಸ್ಥಳೀಯ ಸಂಘಟನೆಗಳ ಬಲವರ್ಧನೆ ಅದರ ಕೆಲಸ. ಸಂಸ್ಥೆಯ ಪರವಾಗಿ ಬಂದ ಅನುಜಿನ್ ಎಂಬ ತರುಣಿ ರಾಜಧಾನಿಯಲ್ಲಿ ಓದಿದವಳಾದರೂ ಅವಳ ಅಜ್ಜಿಯೂ ಕುರಿ ಕಾಯ್ದವಳೇ. ಗುಡಾರದ ಹೊಸ್ತಿಲು ತುಳಿಯದೆ ದಾಟಿ, ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡು, ಮೊದಲ ದಿನವೇ ಎಲ್ಲರ ಮನಸ್ಸನ್ನು ಗೆದ್ದಳು. ಹೆಸರಿಲ್ಲದ ಕೂಟಕ್ಕೆ ಖಾರ್ ಚುಲೂತ್ ಪಶುಪಾಲಕರ ಸಂಘವೆಂದು ಹೆಸರಾಯಿತು. ಸೆವ್ಜಿದ್ ಅಧ್ಯಕ್ಷೆಯಾದಳು. ಸಂಘದ ಬಲವನ್ನು ಅಳೆಯುವ ಪರೀಕ್ಷೆ ಮುಗಿದು ತೇರ್ಗಡೆಯಾದರೆ ಹುಲ್ಲು ಕೊಯ್ಯುವ ಯಂತ್ರವೊಂದು ಬರುವುದೆಂದು ಅನುಜಿನ್ ಹೇಳಿದಳು.

"ಬಲವರ್ಧನೆ ಅಂದ್ರೆ ಏನಮ್ಮ?" ಎಂದು ಕೇಳಿದನು ನಾದ್ಮಿದ್. "ನಾವು ಹೋತಗಳನ್ನ ಬಲವರ್ಧನೆ ಮಾಡೋದು ಕಡಿಯೋದಕ್ಕೆ ಮುಂಚೆ."

"ಅಯ್ಯೋ ಅಜ್ಜ, ನಿಮ್ಮನ್ನ ಯಾರು ಕಡೀತಾರೆ? ಹಲ್ಲಿಗೆ ಸಿಗೋಷ್ಟು ಮಾಂಸಾನೇ ಇಲ್ಲ," ಎಂದಳು ಹುಡುಗಿ. ಮುದುಕನ ನಗೆಗೆ ಒಲೆಯ ಬೂದಿ ಹಾರಿತು.

ಲೆಕ್ಕ ಇಡುವುದನ್ನು ಕಲಿಸಿದ್ದಾಯಿತು, ಸಭೆ ನಡೆಸುವುದನ್ನು ಕಲಿಸಿದ್ದಾಯಿತು. ಉಳಿದದ್ದು ಕೊನೆಯ ಪಾಠ: ವಿಪತ್ತಿನ ಯೋಜನೆ. ಅದನ್ನು ನೋಡಲೆಂದು ಸಂಸ್ಥೆಯ ಹಿರಿಯಳೊಬ್ಬಳು ಕಡಲಾಚೆಯಿಂದ ಬಂದಿದ್ದಳು. ಸೆವ್ಜಿದ್ ಅವಳನ್ನು ಗುಡಾರದ ಬಡಗಣ ಬದಿಯಲ್ಲಿ, ದೇವರ ಪಟಗಳ ಕೆಳಗೆ ಕುಳ್ಳಿರಿಸಿ, ಕೊಬ್ಬು ತುಂಬಿದ ಕುರಿಯ ಬಾಲವನ್ನು ಮುಂದಿಟ್ಟಳು. ಒಂಬತ್ತು ಮನೆಯವರೂ ಸುತ್ತ ಕೂತರು. ಅನುಜಿನ್ ಗುಡಾರದ ಕಂಬಕ್ಕೆ ದೊಡ್ಡ ಹಾಳೆಯನ್ನು ಕಟ್ಟಿ, ಮಸಿಕಡ್ಡಿ ಹಿಡಿದು ನಿಂತಳು.

"ಮುಂದಿನ ಚಳಿಗಾಲದಲ್ಲಿ ನಮ್ಮ ಕಣಿವೆಗೆ ಏನೇನು ಅಪಾಯ ಬರಬಹುದು? ಒಬ್ಬೊಬ್ರೂ ಒಂದೊಂದು ಹೇಳಿ."

ಒಬ್ಬನು ತನ್ನ ಬೂಟಿನ ತುದಿಯನ್ನು ನೋಡಿದನು. ನಾದ್ಮಿದನ ಮಗಳು ಖಂದಾ ತೊಡೆಯ ಮೇಲಿನ ಹಸುಗೂಸಿನ ಕಿವಿಯ ಮೇಲೆ ಟೋಪಿಯನ್ನು ಎಳೆದಳು.

"ಅಪಾಯ ಅಂದ್ರೆ, ಈ ಚಹಕ್ಕೆ ಉಪ್ಪು ಕಡಿಮೆ ಬಿದ್ದಿದೆ," ಎಂದನು ನಾದ್ಮಿದ್. "ಬರ್ಕೋಮ್ಮ."

ನಗು ಎದ್ದು ಅಡಗಿತು. ಅನುಜಿನಳ ಮುಖ ಕೆಂಪಾಯಿತು. ಅವಳು ಸೆವ್ಜಿದಳ ಬಳಿ ಬಾಗಿ, ಬೇರೆಯವರಿಗೆ ಕೇಳದಂತೆ ಹೇಳಿದಳು: "ಅಕ್ಕ, ನಂಗೂ ಗೊತ್ತು. ನಮ್ಮಜ್ಜಿ ಇದ್ದಿದ್ರೆ ನನ್ನ ಬಾಯಿಗೆ ಹೊಡೀತಿದ್ರು. ಆದ್ರೆ ಹಾಳೆ ಖಾಲಿ ಇದ್ರೆ ಈ ಸಂಘಕ್ಕೆ ಏನೂ ತಿಳಿಯೋದಿಲ್ಲ ಅಂತ ಬರೀತಾರೆ. ನೀವು ಅಧ್ಯಕ್ಷರು. ನೀವಾದ್ರೂ ಹೇಳಿ."

ಹೊರದೇಶದ ಹಿರಿಯಳು ಸೆವ್ಜಿದಳ ಕಡೆಗೇ ನೋಡುತ್ತಿದ್ದಳು. ಎಷ್ಟೋ ಕಡಲು ದಾಟಿ ಬಂದ ಅತಿಥಿ; ಅವಳು ಕೇಳಿದ್ದು ಕೆಲವು ಮಾತುಗಳನ್ನು ಮಾತ್ರ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ಪಾಪವನ್ನು ಸೆವ್ಜಿದಳ ಮನೆತನದವರು ಯಾವ ಕಾಲಕ್ಕೂ ಕಟ್ಟಿಕೊಂಡಿರಲಿಲ್ಲ. ಒಂದು ಧರ್ಮವು ಬಾಯಿ ಮುಚ್ಚೆಂದಿತು, ಇನ್ನೊಂದು ಧರ್ಮವು ತೆರೆಯೆಂದಿತು. ಅವಳು ಎದ್ದು ನಿಂತು, ಸೆರಗಿಲ್ಲದ ತನ್ನ ನಿಲುವಂಗಿಯ ತೋಳನ್ನು ಅಂಗೈವರೆಗೆ ಎಳೆದುಕೊಂಡು, ಹೇಳಿದಳು.

"ಜುಡ್ ಬರುತ್ತೆ."

ದನಕರುಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಆ ಚಳಿಯ ಹೆಸರು ಆ ಗುಡಾರದೊಳಗೆ ಹಿಂದೆಂದೂ ಕೇಳಿಸಿರಲಿಲ್ಲ.

"ಯಾವ ತರಹದ್ದು ಅಕ್ಕ?" ಎಂದಳು ಅನುಜಿನ್, ಬರೆಯುತ್ತ.

"ಕಬ್ಬಿಣದ್ದು. ಬಿದ್ದ ಹಿಮ ಒಂದು ಸಲ ಕರಗಿ ಮತ್ತೆ ಹೆಪ್ಪುಗಟ್ಟುತ್ತೆ. ಹುಲ್ಲು ಕಣ್ಣಿಗೆ ಕಾಣ್ಸುತ್ತೆ, ಬಾಯಿಗೆ ಸಿಗೋದಿಲ್ಲ. ಕುರಿ ಒಂದರ ಉಣ್ಣೆ ಒಂದು ತಿನ್ನುತ್ತೆ. ಆಮೇಲೆ ಬೀಳುತ್ತೆ."

"ಎಲ್ಲರಿಗಿಂತ ಮೊದಲು ಯಾರ ಮನೆಗೆ ಪೆಟ್ಟು ಬೀಳುತ್ತೆ?"

ಇಲ್ಲಿ ಅವಳು ನಿಲ್ಲಬಹುದಿತ್ತು. ಆದರೆ ಇಳಿಜಾರಿನಲ್ಲಿ ಬಿಟ್ಟ ಕುದುರೆಯಂತೆ ನಾಲಗೆಯು ತನ್ನ ಓಟವನ್ನು ತಾನೇ ಓಡಿತು. ಅದಕ್ಕೂ ಮಿಗಿಲಾಗಿ, ಕೇಳಿದ ಪ್ರಶ್ನೆಗೆ ಉತ್ತರ ಅವಳಿಗೆ ಗೊತ್ತಿತ್ತು.

"ನಾದ್ಮಿದಣ್ಣಂದು. ಅವರ ಕೊಟ್ಟಿಗೆ ನೆರಳು ಬದಿಗಿದೆ. ಅವರ ಕುರಿಗಳೇ ಮೊದಲು ಹೋಗ್ತವೆ."

"ಥೂ! ಥೂ! ಥೂ!" ಎಂದು ಖಂದಾ ಹೆಗಲ ಮೇಲಿಂದ ಹಿಂದಕ್ಕೆ ಉಗುಳಿದಳು. "ಬಿಡ್ತು ಅನ್ನಿ ಅಕ್ಕ! ಬೇಗ ಬಿಡ್ತು ಅನ್ನಿ!"

ಸೆವ್ಜಿದ್ ಬಾಯಿ ತೆರೆದಳು. ಅಷ್ಟರಲ್ಲಿ ಅನುಜಿನ್ ಮಾತನ್ನು ತನ್ನ ಒಡತಿಗೆ ಅವಳ ಭಾಷೆಯಲ್ಲಿ ತಿಳಿಸಿಬಿಟ್ಟಿದ್ದಳು; ಆ ಹಿರಿಯಳ ಮುಖ ಅರಳಿತು; ಅವಳು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಅತಿಥಿಯು ತಟ್ಟಿದಾಗ ಆತಿಥೇಯರು ಸುಮ್ಮನಿರಲಾಗದು. ಹೀಗಾಗಿ ಖಾರ್ ಚುಲೂತಿನ ಒಂಬತ್ತು ಮನೆಯವರೂ, ನಾದ್ಮಿದನೂ ಸೇರಿ, ತಮ್ಮ ಕುರಿಗಳ ಸಾವಿಗೆ ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ಹೋಗುವ ದೇವತೆ 'ಅಸ್ತು' ಎನ್ನಲು ಇದಕ್ಕಿಂತ ಬೇರೆ ಕರೆ ಬೇಕೆ? ಬಿಡ್ತು ಎಂಬ ಮಾತು ಸೆವ್ಜಿದಳ ಗಂಟಲಲ್ಲೇ ಉಳಿಯಿತು.

ಸಂಘವು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಹುಲ್ಲು ಹಣ್ಣಾದಾಗ ಸೆವ್ಜಿದ್ ಎಂದಿನಂತೆ ಕಡಾಯಿಯನ್ನು ಒಲೆಗೇರಿಸಿದಳು. ಮಧ್ಯಾಹ್ನದವರೆಗೆ ಕುದಿದ ಚಹವು ಕಹಿಯಾಯಿತು. ಬಂದವರು ಇಬ್ಬರು, ಅವರೂ ನಿಂತಲ್ಲೇ ಕುಡಿದು ಹೊರಟರು. ಆ ವರ್ಷ ಕಣಿವೆಯಲ್ಲಿ ಒಂಬತ್ತು ಮೆದೆಗಳೆದ್ದವು, ಒಂದೊಂದೂ ಮನುಷ್ಯನ ಎದೆಯೆತ್ತರ. ಯಂತ್ರವು ಮುಂದಿನ ವರ್ಷಕ್ಕೆ ಬರುವುದೆಂದು ಸುದ್ದಿ ಬಂದಿತು.

"ನೀನು ಹೇಳಿದ್ದು ತಪ್ಪಲ್ಲ," ಎಂದನು ಗಂಡ ಗೊಂಬೊ.

"ತಪ್ಪೋ ಸರಿಯೋ ಯಾರು ಕೇಳಿದ್ರು? ಹೇಳಿದೆ."

ಅವಳು ಪಟ್ಟಣಕ್ಕೆ ಹೋಗಿ ಲಾಮಾನಿಗೆ ಅಡ್ಡಬಿದ್ದು ಶಾಂತಿಯ ಪಾಠ ಮಾಡಿಸಿಕೊಂಡು ಬಂದಳು. ಬಳಿಕ ಹಿರಿಯರಿಗೆ ಮರ್ಯಾದೆಗೆಂದು ಒಪ್ಪಿಸುವ ನೀಲಿ ರೇಷ್ಮೆವಸ್ತ್ರವನ್ನೂ ಗಂಡನ ನಶ್ಯದ ಕುಪ್ಪಿಯನ್ನೂ ಹಿಡಿದು ನಾದ್ಮಿದನ ಗುಡಾರಕ್ಕೆ ಹೋದಳು. ಮುದುಕನು ಕುಪ್ಪಿಯನ್ನು ಎರಡು ಕೈಯಿಂದ ಸ್ವೀಕರಿಸಿ, ಮೂಸಿ, ಮರ್ಯಾದೆಯಿಂದ ಹಿಂದಿರುಗಿಸಿದನು. ಮಗುವಿನ ಹಲ್ಲಿನ ಸುದ್ದಿ ಆಡಿದನು, ಕುದುರೆಯ ಕುಂಟಿನ ಸುದ್ದಿ ಆಡಿದನು.

"ಅಣ್ಣ, ಆವತ್ತು ನಾನು..." ಎಂದು ಸೆವ್ಜಿದ್ ತೊಡಗಿದಳು.

"ಆವತ್ತು ನೀನು ಬಾಲದ ಕೊಬ್ಬು ಚೆನ್ನಾಗಿ ಬೇಯಿಸಿದ್ದೆ ತಂಗಿ," ಎಂದನು ನಾದ್ಮಿದ್. "ಅತಿಥಿಗಳಿಗೆ ಭಾಳ ಸಂತೋಷ ಆಯ್ತು."

ಮುಂದೆ ಅವಳಿಂದ ಆಗಲಿಲ್ಲ. ಕ್ಷಮೆ ಕೇಳಬೇಕಾದರೆ ಇಂಥ ಮಾತಿಗೆ ಕ್ಷಮಿಸು ಎನ್ನಬೇಕು. ಇಂಥ ಮಾತು ಎನ್ನಬೇಕಾದರೆ ಅದನ್ನು ಮತ್ತೊಮ್ಮೆ ಆಡಬೇಕು. ಅದೂ ಅವನ ಒಲೆಯ ಮುಂದೆ, ಅವನ ಮೊಮ್ಮಗುವಿನ ಎದುರಿಗೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಲೋಕದ ರೂಢಿ. ಈ ಮುಳ್ಳು ಹಾಗೆ ತೆಗೆಯಹೋದರೆ ಇನ್ನಷ್ಟು ಆಳಕ್ಕೆ ಇಳಿಯುವಂಥದು. ಅವಳು ರೇಷ್ಮೆವಸ್ತ್ರವನ್ನು ಅವನ ಕೈಯಲ್ಲಿಟ್ಟು, ಚಹ ಕುಡಿದು, ಮನೆಗೆ ಬಂದಳು.

ಹಿಮ ಬೇಗ ಬಿದ್ದಿತು. ಬಿದ್ದು, ಒಂದು ಮಧ್ಯಾಹ್ನ ಬಿಸಿಲೇರಿ ಕರಗಿ, ಸಂಜೆಗೆ ಹೆಪ್ಪುಗಟ್ಟಿತು. ಆ ನೋಟವನ್ನು ಗುಡಾರದ ಬಾಗಿಲಲ್ಲಿ ನಿಂತು ನೋಡಿದ ಸೆವ್ಜಿದಳಿಗೆ ತನ್ನ ಮಾತು ತನ್ನ ಮುಂದೆಯೇ ಮೈತಾಳಿ ನಿಂತಂತಾಯಿತು. ನಾಡಿನ ಎಷ್ಟೋ ಕಣಿವೆಗಳಲ್ಲಿ ಅದೇ ಹಿಮ ಬಿದ್ದಿತೆಂದು ರೇಡಿಯೊ ಹೇಳಿತು. ಅಲ್ಲೆಲ್ಲ ಯಾರ ನಾಲಗೆ ಆಡಿತ್ತು? ಈ ವಿಚಾರ ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಬುದ್ಧಿಗೆ ಹೊಳೆದದ್ದು ಎದೆಗೆ ಇಳಿಯಲಿಲ್ಲ.

ಸಲ್ಖಿತ್ ಕಂದರಕ್ಕೆ ಹೊರಡುವ ಕಾಲ ಅದೇ. ಗೊಂಬೊ ಮನೆಮನೆಗೂ ಕುದುರೆಯೇರಿ ಹೋದನು. ಅವಳು ತಾನಾಗಿ ಹೋಗಲಿಲ್ಲ; ತನ್ನ ಹೆಸರು ಬಾಯಲ್ಲಿ ಬರದಂತೆ ನೋಡಿಕೋ ಎಂದು ಗಂಡನಿಗೆ ಹೇಳಿಕಳಿಸಿದಳು. ಅವನು ಕತ್ತಲಾಗುವ ಮೊದಲೇ ಹಿಂದಿರುಗಿದನು.

"ಏನಂದ್ರು?"

"ನಾದ್ಮಿದಣ್ಣ ಬಡಗಣಕ್ಕೆ ಹೋಗ್ತಾನಂತೆ. ಅವನ ಹಿಂದೆ ನಾಲ್ಕು ಮನೆ. ಉಳಿದವರು ಇದ್ದಲ್ಲೇ ಇರ್ತಾರಂತೆ."

"ಬಡಗಣದಲ್ಲಿ ಏನಿದೆ? ಬರೀ ಕಲ್ಲು!"

"ಹೌದು."

"ಹಾಗಂತ ಹೇಳ್ಲಿಲ್ವಾ?"

ಗೊಂಬೊ ಕುದುರೆಯ ಮೀಸೆಗೆ ಕಟ್ಟಿದ ಹಿಮವನ್ನು ಒರೆಸುತ್ತ ನಿಂತನು. "ಹೇಳಿದೆ. 'ನಿನ್ನ ಹೆಂಡ್ತಿ ತೋರಿಸಿದ ದಾರೀಲಿ ನಾನು ಬರೋದಿಲ್ಲ ಗೊಂಬೊ, ಆ ದಾರೀಲಿ ನನ್ನ ಕುರಿ ಬೀಳೋದನ್ನ ಅವಳು ಆಗಲೇ ನೋಡಿ ಬಂದಿದಾಳೆ' ಅಂದ."

ಗಂಡ ಹೆಂಡತಿಯ ಕುದುರೆಗಳು ಮಾತ್ರ ದಾರಿಯನ್ನು ಒಡೆಯಹೋದವು. ಕಣಿವೆಯ ಅರ್ಧಕ್ಕೆ ಮುಟ್ಟುವಷ್ಟರಲ್ಲಿ ಮಂಜುಗಡ್ಡೆಯ ಅಂಚು ಕಾಲುಗಳನ್ನು ಸೀಳಿ, ಹಿಮದ ಮೇಲೆ ರಕ್ತದ ಗೆರೆಯೆದ್ದಿತು. ಹಿಂದಿರುಗಿದರು.

ಬಡಗಣಕ್ಕೆ ಹೋದ ಮನೆಗಳೂ ಅರೆಹಿಂಡನ್ನು ಕಳೆದುಕೊಂಡು, ಹೊಸವರ್ಷದ ಬಿಳಿಯ ತಿಂಗಳ ಹಬ್ಬಕ್ಕೆ ಮುಂಚೆ ಕಣಿವೆಗೆ ಮರಳಿದವು. ನಾದ್ಮಿದನ ಕೊಟ್ಟಿಗೆಯ ಹಿಂದೆ ಸತ್ತ ಕುರಿಗಳನ್ನು ಗೋಡೆಯಂತೆ ಪೇರಿಸಿಟ್ಟಿದ್ದರು. ಸೆವ್ಜಿದ್ ತನ್ನ ಮೆದೆಯಲ್ಲಿ ಉಳಿದ ಹುಲ್ಲಿನ ಅರ್ಧವನ್ನು ಎರಡು ಹೊರೆ ಮಾಡಿ ಒಂಟೆಯ ಮೇಲೆ ಹೇರಿದಳು.

"ನಮಗೆ?" ಎಂದನು ಗೊಂಬೊ.

"ನಮಗೆ ಅರ್ಧ ಇದೆಯಲ್ಲ."

ನಾದ್ಮಿದನು ಗುಡಾರದ ಹೊರಗೆ ನಿಂತಿದ್ದನು. ದೊಡ್ಡಿಯೊಳಗೆ ಉಳಿದ ಕುರಿಗಳು ಒಂದರ ಬೆನ್ನಿನ ಉಣ್ಣೆಯನ್ನು ಒಂದು ಕೀಳುತ್ತಿದ್ದವು. ಎದುರಾದವರು ಆಡಬೇಕಾದ ಮೊದಲ ಮಾತು ಅಲ್ಲಿ ಕಟ್ಟಳೆಯಾಗಿ ಬಂದಿದೆ. ಸೆವ್ಜಿದ್ ಅದನ್ನೇ ಆಡಿದಳು.

"ಚಳಿಗಾಲ ಸುಖವಾಗಿ ಕಳೀತಿದೀರಾ ಅಣ್ಣ? ಕುರಿಗಳು ಕೊಬ್ಬಿವೆಯಾ?"

"ಸುಖವಾಗಿದೀವಿ ತಂಗಿ," ಎಂದನು ನಾದ್ಮಿದ್, ಹೆಣಗಳ ಗೋಡೆಯ ಕಡೆಗೆ ಬೆನ್ನು ಮಾಡಿ. "ಕೊಬ್ಬಿವೆ. ನಿಮ್ಮವು?"

"ಕೊಬ್ಬಿವೆ." ಅವಳು ಒಂಟೆಯ ಮೂಗುದಾರವನ್ನು ಕೈಯಲ್ಲಿ ಸುತ್ತಿದಳು. "ಒಂಟೆಗೆ ಯಾಕೋ ಹೊರೆ ಹೆಚ್ಚಾಯ್ತು ಅಣ್ಣ. ಮುಂದಕ್ಕೆ ಹೆಜ್ಜೆ ಇಡ್ತಿಲ್ಲ. ಇಲ್ಲೇ ಇಳಿಸಿ ಹೋಗ್ಲಾ?"

ಇದು ಅವರ ಹಳೆಯ ರೀತಿ. ಇಲ್ಲದವನಿಗೆ ಇಲ್ಲವೆನ್ನದೆ ಕೊಡುವ ಬಗೆ. ಮುದುಕನ ಕಣ್ಣು ಒಂದು ಗಳಿಗೆ ಹುಲ್ಲಿನ ಮೇಲೆ ನಿಂತಿತು. ಅಷ್ಟರಲ್ಲಿ ಗುಡಾರದ ಬಾಗಿಲ ಕಂಬಳಿ ಸರಿದು ಖಂದಾ ಹೊರಗೆ ಬಂದಳು.

"ನಿಮ್ಮ ಒಂಟೆಗೆ ಬಲ ಇದೆ ಅಕ್ಕ," ಎಂದಳು. "ಅದೂ ಸಂಘದ್ದೇ ಅಲ್ವಾ? ಬಲವರ್ಧನೆ ಆಗಿರುತ್ತೆ."

"ಖಂದಾ, ಹಗ್ಗ ಬಿಚ್ಚೋಕೆ ಒಂದು ಕೈ ಕೊಡು. ಹುಲ್ಲಿಗೇನು ಗೊತ್ತು ಯಾರು ಕೊಯ್ದದ್ದು ಅಂತ."

"ಹುಲ್ಲಿಗೆ ಗೊತ್ತಿಲ್ಲ. ನಂಗೆ ಗೊತ್ತಿದೆ. ಆವತ್ತು ನಮ್ಮ ಕುರಿ ಹೆಸರು ಹೇಳಿದ್ರಿ, ಈಗ ನೋಡೋಕೆ ಬಂದಿದೀರಿ. ನಾಳೆ ನನ್ನ ಮಗು ಹೆಸರು ಹೇಳಿಬಿಟ್ರೆ?"

"ನಾದ್ಮಿದಣ್ಣ," ಎಂದಳು ಸೆವ್ಜಿದ್.

"ಸುಖವಾಗಿದೀವಿ ತಂಗಿ," ಎಂದನು ಮುದುಕನು ಮತ್ತೆ, ನೆಲ ನೋಡುತ್ತ. ಆ ಮಾತಿಗೆ ಎದುರಾಡುವ ದಾರಿ ಯಾವುದು? ಇಲ್ಲ, ನೀನು ಸುಖವಾಗಿಲ್ಲ, ನಿನ್ನ ಕುರಿಗಳು ಸಾಯುತ್ತಿವೆ ಎನ್ನಬೇಕು. ಒಮ್ಮೆ ಹಾಗೆ ಅಂದದ್ದರ ಫಲವೇ ಅವನ ಹಿಂದೆ ಗೋಡೆಯಾಗಿ ನಿಂತಿತ್ತು. ಅವಳು ಒಂಟೆಯನ್ನು ತಿರುಗಿಸಿದಳು. ದೊಡ್ಡಿಯ ಕುರಿಗಳು ಹುಲ್ಲಿನ ವಾಸನೆ ಹಿಡಿದು ಬೇಲಿಗೆ ಒತ್ತಿ, ಅವಳು ಕಾಣುವಷ್ಟು ದೂರವೂ ಅರಚುತ್ತಿದ್ದವು.

ಮರುವರ್ಷವಾದ ಹುಲಿಯ ವರ್ಷದ ವಸಂತಕ್ಕೆ ಕಣಿವೆಯಲ್ಲಿ ಜೀವಂತ ಉಳಿದವು ಕೆಲವು ಮೇಕೆಗಳು, ಮೂಳೆಚಕ್ಕಳದ ಕೆಲವು ಕುದುರೆಗಳು, ಸೆವ್ಜಿದಳ ಮನೆಯ ಒಂದು ಹಸು. ಮನೆಗಳು ಒಂದೊಂದಾಗಿ ಗುಡಾರ ಕಳಚಿದವು. ಕೆಲವರು ಪಟ್ಟಣಕ್ಕೆ, ಕೆಲವರು ರಾಜಧಾನಿಯ ಅಂಚಿನ ಹೊಗೆಯ ಬೀದಿಗಳಿಗೆ. ಆ ನಡುವೆ ಅನುಜಿನ್ ಬಂದಳು. ಜೀಪಿನಿಂದಿಳಿದು ಸುತ್ತ ನೋಡಿ, ಸೆವ್ಜಿದಳ ತೋಳಿಗೆ ಮುಖವಿಟ್ಟು ಅತ್ತಳು. ಕಣ್ಣೊರೆಸಿಕೊಂಡ ಮೇಲೆ, ತನಗೇ ನಾಚಿಕೆಯಾದಂತೆ, ಬಂದ ಕೆಲಸವನ್ನು ಹೇಳಿದಳು.

"ಅಕ್ಕ, ಇಡೀ ಪ್ರಾಂತದಲ್ಲಿ ನಿಮ್ಮ ಯೋಜನೆಯೊಂದೇ ನಡೆದದ್ದಕ್ಕೆ ಸರಿಯಾಗಿ ಹೊಂದಿದ್ದು. ಬೇರೆ ಸಂಘದವರಿಗೆ ಅದನ್ನ ಮಾದರಿ ಅಂತ ತೋರಿಸ್ತಾರಂತೆ. ನೀವು ಬಂದು ಮಾತಾಡ್ಬೇಕು ಅಂತ ಹೇಳಿದಾರೆ."

"ನಾನಾ?" ಎಂದಳು ಸೆವ್ಜಿದ್. "ಮಾತಾಡ್ಬೇಕಾ?"

"ಬೇಡ ಅಂದ್ರೆ ಬೇಡ ಅಕ್ಕ."

"ಚಹ ಕುಡಿ. ಆರಿ ಹೋಗುತ್ತೆ."

ನಾದ್ಮಿದನ ಮನೆಯೇ ಕೊನೆಯದು. ಗುಡಾರದ ಕಂಬಗಳನ್ನೂ ಒಲೆಯನ್ನೂ ಪೆಟ್ಟಿಗೆಗಳನ್ನೂ ಲಾರಿಯೊಂದಕ್ಕೆ ಹೇರುವುದು ಸೆವ್ಜಿದಳ ಬಾಗಿಲಿಂದ ಕಾಣುತ್ತಿತ್ತು. ಹೊರಟವರ ಹಿಂದೆ ಹಾಲು ಚಿಮುಕಿಸಿ ಹರಸಬೇಕು. ಹರಸದೆ ಕಳಿಸಿದರೆ ದಾರಿಯೇ ಮುನಿಯುವುದು. ಅವಳು ಮುಂಜಾನೆಯೇ ಹಸುವಿನ ಒಣಗಿದ ಕೆಚ್ಚಲನ್ನು ಬಹಳ ಹೊತ್ತು ಜಗ್ಗಿ ಅರ್ಧ ಬಟ್ಟಲು ಹಾಲು ಕರೆದಿಟ್ಟಿದ್ದಳು. ಲಾರಿ ಸದ್ದು ಮಾಡಿತು. ಅವಳು ಬಟ್ಟಲನ್ನು ಹಿಡಿದು ಬಾಗಿಲವರೆಗೆ ಬಂದು ನಿಂತಳು. ಲಾರಿಯ ಮೇಲೆ ಮಗುವನ್ನು ಅಪ್ಪಿ ಕೂತಿದ್ದ ಖಂದಾ ಇತ್ತ ನೋಡಿ ಮಗುವಿನ ತಲೆಯನ್ನು ಎದೆಯೊಳಕ್ಕೆ ಒತ್ತಿಕೊಂಡಳು.

ಸೆವ್ಜಿದ್ ಬಟ್ಟಲನ್ನು ಗೊಂಬೊವಿನ ಕೈಗೆ ಕೊಟ್ಟು ಒಳಗೆ ಹೋದಳು. ಒಲೆಯ ಪಕ್ಕದಲ್ಲಿ ಕೂತು, ಕಿವಿಯೊಂದನ್ನೇ ಹೊರಗಿಟ್ಟಳು. ಲಾರಿ ಕಲ್ಲುಗಳ ಮೇಲೆ ಎಗರಿ, ಗುಡ್ಡವನ್ನೇರಿ, ಆಚೆಗಿಳಿಯಿತು. ಗೊಂಬೊ ಒಳಗೆ ಬಂದನು.

"ಚಿಮುಕಿಸಿದ್ಯಾ?"

"ಚಿಮುಕಿಸಿದೆ."

"ಹರಸೋ ಮಾತು ಹೇಳಿದ್ಯಾ? ಪೂರ್ತಿ?"

"ಗಾಳಿ ಜೋರಾಗಿತ್ತು. ಹೇಳಿದೆ. ಅವರಿಗೆ ಕೇಳಿಸ್ತೋ ಇಲ್ವೋ."

"ಅಣ್ಣ ತಿರುಗಿ ನೋಡಿದ್ನಾ?"

ಗೊಂಬೊ ಬರಿದಾದ ಬಟ್ಟಲನ್ನು ಕೆಳಗಿಟ್ಟನು. "ಮುಂದೆ ಕೂತಿದ್ದ. ಮುಂದೆ ಕೂತೋರು ಹೇಗೆ ತಿರುಗ್ತಾರೆ?" ಎಂದನು.

ಆ ಬೇಸಗೆಯಲ್ಲಿ ಖಾರ್ ಚುಲೂತ್ ಕಣಿವೆಯಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯಿತು. ಅಷ್ಟು ಹುಲ್ಲನ್ನು ಸೆವ್ಜಿದ್ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಮೇಯುವ ಬಾಯಿಗಳಿಲ್ಲದೆ ಅದು ನಿಂತಲ್ಲೇ ಹಣ್ಣಾಗಿ, ನಿಂತಲ್ಲೇ ಒಣಗಿತು.